ಅಪ್ಪಯ್ಯನ ಪಂಚಾಂಗದಲ್ಲಿ ಹನ್ನೊಂದು ಠೇವಣಿ ರಶೀದಿ ಸಿಕ್ಕಿದವು, ಮುಂದೆ ಎಂತ ಮಾಡೋದು?

ಹುಲೇಕಲ್ ರಸ್ತೆ

ನಮಸ್ಕಾರ. ಶಿರಸಿಯಿಂದ ಹುಲೇಕಲ್ ದಾರಿಯಲ್ಲಿ ನಮ್ಮನೆ. ಅಪ್ಪಯ್ಯ ಹೋಗಿ ನಾಲ್ಕು ತಿಂಗಳಾಯ್ತು. ವರ್ಷಾಂತಕ ಮುಗಿಯೋವರೆಗೆ ಅವರ ಟ್ರಂಕು ಮುಟ್ಟೋದು ಬೇಡ ಅಂದುಕೊಂಡಿದ್ದೆ. ಬೆಳೆಸಾಲದ ವಾಯ್ದೆ ಹತ್ತಿರ ಬಂತು ಅಂತ ಸಂಘದಿಂದ ಫೋನ್ ಬಂದಮೇಲೆ ತೆಗೆಯಲೇಬೇಕಾಯ್ತು.

ಒಳಗೆ ಒಂದು ಪಂಚಾಂಗ. ಅದರ ಪುಟಗಳ ನಡುವೆ ಠೇವಣಿ ರಶೀದಿ. ಮೊದಲು ಎಲ್ಲೆಂದರಲ್ಲಿ ತುರುಕಿಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಯಾವ ಮಾಸಕ್ಕೆ ಅವಧಿ ಮುಗಿಯುತ್ತದೋ ಆ ಮಾಸದ ಪುಟದಲ್ಲೇ ಇಟ್ಟಿದ್ದಾರೆ. ಹನ್ನೊಂದು ರಶೀದಿ, ಐದು ಕಡೆ, ಒಟ್ಟು 23 ಲಕ್ಷ. ಒಂದು ಬ್ಯಾಂಕು, ಒಂದು ಅಂಚೆ ಕಚೇರಿ, ಉಳಿದ ಮೂರು ಸೊಸೈಟಿ ಮತ್ತು ಸೌಹಾರ್ದ (ಸೌಹಾರ್ದ ಕಾಯ್ದೆಯಡಿಯ ಪತ್ತಿನ ಸಹಕಾರಿ). ಅದರಲ್ಲಿ ಒಂದೇ ಸೌಹಾರ್ದದಲ್ಲಿ 9 ಲಕ್ಷ. ಅಲ್ಲಿಗೆ ಹೋಗಿ ಕೇಳಿದರೆ "ಸದ್ಯ ಸ್ವಲ್ಪ ಬಿಗಿ ಇದೆ, ಹಂತ ಹಂತವಾಗಿ ಕೊಡ್ತೇವೆ" ಅಂದರು. ನಾಲ್ಕು ರಶೀದಿಗೆ ನಾಮಿನಿಯೇ ಇಲ್ಲ. ಎರಡಕ್ಕೆ ಅಮ್ಮಮ್ಮನ ಹೆಸರಿದೆ, ಅಮ್ಮಮ್ಮ ತೀರಿಕೊಂಡು ಹನ್ನೆರಡು ವರ್ಷ.

ನನಗೆ 34. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ, ಕೈಗೆ 68 ಸಾವಿರ. ಹೆಂಡತಿ, ಆರು ವರ್ಷದ ಮಗಳು, 63ರ ಆಯಿ, ಅಂದರೆ ಅಮ್ಮ. ತಂಗಿ ಮದುವೆಯಾಗಿ ಬೆಂಗಳೂರಲ್ಲಿದ್ದಾಳೆ. ಎರಡು ಎಕರೆ ತೋಟ. ಈ ವರ್ಷದ ಚಾಲಿ (ಒಣಗಿಸಿ ಸುಲಿದ ಅಡಿಕೆ) ಇನ್ನೂ ಪೂರ್ತಿ ಕೊಟ್ಟಿಲ್ಲ. ಅಟ್ಟದ ಮೇಲೆ ಮೂರು ಚೀಲ ಕಾಳುಮೆಣಸು ಬೇರೆ ಇದೆ, ಅಪ್ಪಯ್ಯ ಎರಡು ವರ್ಷದಿಂದ ಇಟ್ಟುಕೊಂಡದ್ದು.

ಸಂಬಳ ತಿಂಗಳಿಗೊಮ್ಮೆ ಬರ್ತದೆ, ಅದರ ಲೆಕ್ಕ ನನಗೆ ಗೊತ್ತು. ತೋಟದ ದುಡ್ಡು ವರ್ಷಕ್ಕೊಮ್ಮೆ ಬಂದು ಎಲ್ಲಿ ಹೋಗ್ತದೆ ಅನ್ನೋದು ಅಪ್ಪಯ್ಯನಿಗೆ ಮಾತ್ರ ಗೊತ್ತಿತ್ತು. ಈ ನಡುವೆ ಸೋದರತ್ತೆ ಮಗ ವಿಮೆ ಏಜೆಂಟ್ ಆಗಿದ್ದಾನೆ, ವರ್ಷಕ್ಕೆ 1 ಲಕ್ಷದ ಒಂದು ಪಾಲಿಸಿ ಮಾಡಿಸು ಅಂತ ಎರಡು ಸಲ ಮನೆಗೆ ಬಂದು ಹೋದ. ಎಲ್ಲಿಂದ ಶುರು ಮಾಡ್ಲಿ?

ನಿವೃತ್ತ ಕ್ಯಾಶಿಯರ್

ತಮಾ, ಮೂರು ತಿಂಗಳು ಹೊಸದಾಗಿ ಎಲ್ಲಿಯೂ ದುಡ್ಡು ಹಾಕಬೇಡ. ಭಾವನಿಗೂ ಅದನ್ನೇ ಹೇಳು. ಮೊದಲು ಕಾಗದ.

ಮರಣ ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿಟ್ಟುಕೋ. ವಂಶವೃಕ್ಷ ಮಾಡಿಸು. ತೋಟವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಕೊಡು. ಪಹಣಿಯಲ್ಲಿ ಅಪ್ಪಯ್ಯನ ಹೆಸರೇ ಇದ್ದರೆ ನಾಳೆ ಬೆಳೆಸಾಲವೂ ಇಲ್ಲ, ಬೆಳೆ ವಿಮೆಯೂ ಇಲ್ಲ. ಇವೆಲ್ಲಕ್ಕಿಂತ ಮೊದಲು ಆ ಬೆಳೆಸಾಲ ನೋಡು. ಶೂನ್ಯ ಬಡ್ಡಿ ಅನ್ನೋದು ವಾಯ್ದೆಯೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ದಾಟಿ ಕಟಬಾಕಿ ಆಯ್ತೋ, ಪೂರ್ತಿ ಬಡ್ಡಿ ಬೀಳ್ತದೆ. ಸತ್ತವರ ಸಾಲಕ್ಕೆ ರಿಯಾಯಿತಿ ಇರಬಹುದು ಅಂತ ಕಾಯ್ತಾ ಕೂತು ಬಡ್ಡಿ ಕಟ್ಟಿದವರನ್ನು ಕೌಂಟರಿನ ಈಚೆ ಕೂತು ಎಷ್ಟೋ ಜನ ನೋಡಿದ್ದೇನೆ.

ಇನ್ನು ನಾಮಿನಿ. ನಾಮಿನಿ ಅಂದರೆ ವಾರಸುದಾರ ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಬ್ಯಾಂಕು ದುಡ್ಡನ್ನು ಯಾರ ಕೈಗೆ ಕೊಟ್ಟರೆ ಅದರ ಜವಾಬ್ದಾರಿ ಮುಗಿಯಿತೋ ಅವರು ನಾಮಿನಿ, ಅಷ್ಟೇ. ಆ ದುಡ್ಡು ಸೇರಬೇಕಾದ್ದು ವಾರಸುದಾರರಿಗೆ. ನಿಮ್ಮನೆಯಲ್ಲಿ ಆಯಿ, ನೀನು, ತಂಗಿ, ಮೂರೂ ಜನರಿಗೆ. ನಾಮಿನಿ ಇರುವ ಖಾತೆಯಾದರೆ ದಾಖಲೆ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ಇಲ್ಲದಿದ್ದರೆ ವಾರಸುದಾರರೆಲ್ಲ ಸಹಿ ಹಾಕಿ ಕೊಡಬೇಕು. ತಂಗಿಗೆ ಇವತ್ತೇ ಫೋನ್ ಮಾಡಿ ಹನ್ನೊಂದು ರಶೀದಿಯ ಫೋಟೋ ಕಳಿಸು. ಆಮೇಲೆ ಹೇಳಿದರಾಯ್ತು ಅಂತ ಬಿಡಬೇಡ.

ನಿವೃತ್ತ ಕ್ಯಾಶಿಯರ್

ಆ 9 ಲಕ್ಷದ ವಿಷಯ ಬೇರೆಯಾಗಿಯೇ ಬರೆಯಬೇಕಾಯ್ತು.

ಬ್ಯಾಂಕು ಅಂತ ಬೋರ್ಡು ಇರುವ ಕಡೆ, ಅದು ರಾಷ್ಟ್ರೀಕೃತವಿರಲಿ, ಡಿಸಿಸಿ ಬ್ಯಾಂಕಿರಲಿ, ಪಟ್ಟಣ ಸಹಕಾರಿ ಬ್ಯಾಂಕಿರಲಿ, ಠೇವಣಿಗೆ ಡಿಐಸಿಜಿಸಿ, ಅಂದರೆ ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮದ ವಿಮೆ ಇರ್ತದೆ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ, ಪತ್ತಿನ ಸಹಕಾರಿಗೆ, ಸೌಹಾರ್ದಕ್ಕೆ ಈ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಬ್ಯಾಂಕಿಗಿಂತ ಬಡ್ಡಿ ಒಂದೋ ಒಂದೂವರೆಯೋ ಹೆಚ್ಚು ಕೊಡ್ತಾರಲ್ಲ, ಅದು ಈ ಅಪಾಯಕ್ಕೆ ಸಿಗುವ ಕೂಲಿ. ಅಪಾಯ ಗೊತ್ತಿದ್ದು ಇಟ್ಟರೆ ಅಡ್ಡಿಲ್ಲೆ. ಗುರುತಿನವರು ನಿರ್ದೇಶಕರಾಗಿದ್ದಾರೆ ಅನ್ನೋ ಕಾರಣಕ್ಕೆ ಇಟ್ಟರೆ ಹೀಗಾಗ್ತದೆ.

ಬಾಯಿಮಾತಲ್ಲಿ ಕೇಳೋದು ಬಿಡು. ಬರೆದು ಕೊಡು, ಸ್ವೀಕೃತಿ ಮುದ್ರೆ ಹಾಕಿಸಿಕೋ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ದೂರು. ಗ್ರಾಹಕರ ಆಯೋಗವೂ ಇದೆ. ಕೊಡುವ ಕಂತು ಎಷ್ಟೇ ಸಣ್ಣದಿರಲಿ, ತೆಗೆದುಕೋ. ಮೂಲ ರಶೀದಿ ಮಾತ್ರ ಪೂರ್ತಿ ದುಡ್ಡು ಬರುವವರೆಗೆ ಕೈಬಿಡಬೇಡ.

ಸಹಕಾರಿ ಅಭಿಮಾನಿ

ಕ್ಯಾಶಿಯರ್ ಅವರೇ, ಒಂದು ಕಡೆ ಬಿಗಿಯಾಯ್ತು ಅಂತ ಎಲ್ಲ ಸಂಘಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಈ ಘಟ್ಟದ ಮೇಲೆ ಬ್ಯಾಂಕಿನ ಮ್ಯಾನೇಜರ್ ನಮ್ಮ ಕಡೆ ಕಣ್ಣೆತ್ತಿ ನೋಡದ ಕಾಲದಲ್ಲಿ ಸೊಪ್ಪಿನ ಬೆಟ್ಟ ನೋಡಿ, ಮನುಷ್ಯನ ಮುಖ ನೋಡಿ ಸಾಲ ಕೊಟ್ಟದ್ದು ಸಂಘ. ಆಸಾಮಿ ಖಾತೆಯಲ್ಲಿ ಅಕ್ಕಿ, ಗೊಬ್ಬರ, ಮೈಲುತುತ್ತ ತಂದು, ಅಡಿಕೆ ಬಂದಮೇಲೆ ತೀರಿಸಿ ಬದುಕಿದವರು ನಾವು. ಆ ಖಾತೆ ಇರದಿದ್ದರೆ ನನ್ನ ಓದೂ ಇಲ್ಲ.

ನಿವೃತ್ತ ಕ್ಯಾಶಿಯರ್

ಸಾಲ ತರಲು ಸಂಘ ಒಳ್ಳೆಯದು, ಅದಕ್ಕೆ ನಾನೂ ಸಾಕ್ಷಿ. ಸಾಲ ತಂದಾಗ ಅವರ ದುಡ್ಡು ನಮ್ಮ ಹತ್ತಿರ ಇರ್ತದೆ, ಠೇವಣಿ ಇಟ್ಟಾಗ ನಮ್ಮ ದುಡ್ಡು ಅವರ ಹತ್ತಿರ. ಎರಡಕ್ಕೂ ಒಂದೇ ವಿಶ್ವಾಸ ಸಾಲೋದಿಲ್ಲ. ವಾರ್ಷಿಕ ಸಭೆಗೆ ಹೋದಾಗ ವರದಿ ಪುಸ್ತಕದಲ್ಲಿ ಕಟಬಾಕಿ ಶೇಕಡಾ ಎಷ್ಟು, ದೊಡ್ಡ ಸಾಲ ಎಷ್ಟು ಜನರಿಗೆ ಹೋಗಿದೆ, ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ ಸಿಕ್ಕಿದೆ ನೋಡಿ. ನಾವು ನೋಡೋದು ಊಟಕ್ಕೆ ಯಾವ ಸಿಹಿ ಅಂತ.

ಸಹಕಾರಿ ಅಭಿಮಾನಿ

ಊಟದ ವಿಷಯ ಒಪ್ಪಿದೆ.

ನಿರ್ವಾಹಕ

ಸಂಸ್ಥೆಯ ಹೆಸರು ಊಹಿಸಿ ಹಾಕಿದ ಎರಡು ಪ್ರತಿಕ್ರಿಯೆ ಅಳಿಸಿದ್ದೇನೆ. ಗಾಳಿಮಾತಿಗೇ ಜನ ಠೇವಣಿ ತೆಗೆಯಲು ಸಾಲು ನಿಂತರೆ ಚೆನ್ನಾಗಿರುವ ಸಂಘವೂ ಮುಳುಗ್ತದೆ. ಹೆಸರು ಬೇಡ.

ಸೋದೆ ಸೊಸೆ

ನಮ್ಮನೆಯದೂ ಎರಡು ಎಕರೆ ಚಿಲ್ಲರೆ. ಮಾವನವರಿಗೆ ವಯಸ್ಸಾಗಿ ಲೆಕ್ಕ ನನ್ನ ಕೈಗೆ ಬಂದು ಆರು ವರ್ಷ. ನಾನು ಮಾಡಿದ ಒಂದೇ ಬದಲಾವಣೆ ಅಂದರೆ, ತೋಟ ನಮಗೆ ಸಂಬಳ ಕೊಡ್ತದೆ.

ಬಿಡಿಸಿ ಹೇಳ್ತೇನೆ. ಹೋದ ವರ್ಷ ಅಡಿಕೆ, ಕಾಳುಮೆಣಸು, ಬಾಳೆಕಾಯಿ ಎಲ್ಲ ಸೇರಿ 8,20,000 ಬಂತು. ಅದು ಬಿದ್ದದ್ದು 'ತೋಟ' ಅಂತ ನಾವು ಕರೆಯುವ ಖಾತೆಗೆ. ಅದರಿಂದ 3,10,000 ತೋಟಕ್ಕೇ ತೆಗೆದಿಟ್ಟೆ: ಗೊಬ್ಬರ, ಸೊಪ್ಪು, ಮದ್ದು ಹೊಡೆಸೋದು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿ, ಸುಲಿಸೋದು, ಬೇಸಿಗೆಯಲ್ಲಿ ನೀರಿನ ಖರ್ಚು. ಉಳಿದ 5,10,000ದಲ್ಲಿ ಮನೆಗೆ ತಿಂಗಳಿಗೆ 25,000ದಂತೆ ವರ್ಷಕ್ಕೆ 3,00,000. ಪ್ರತಿ ತಿಂಗಳು 1ನೇ ತಾರೀಕಿಗೆ 'ಮನೆ' ಖಾತೆಗೆ ತಾನಾಗಿಯೇ ಹೋಗ್ತದೆ. ಖರ್ಚಿನ ಕಾರ್ಡು ಆ ಖಾತೆಯದು ಮಾತ್ರ. ಮಿಕ್ಕಿದ್ದು 2,10,000. ಅದರಲ್ಲಿ 60,000 ಆಸ್ಪತ್ರೆ, ಮದುವೆ ಉಡುಗೊರೆ, ಮಾಡು ಸೋರೋದು ಇಂಥದ್ದಕ್ಕೆ. 1,50,000 ಹತ್ತು ವರ್ಷ ಮುಟ್ಟದ ದುಡ್ಡು.

ಮೊದಲ ವರ್ಷ ಮನೆಯವರಿಗೆ ಸಿಟ್ಟು ಬಂದಿತ್ತು. "ನಮ್ಮ ತೋಟದ ದುಡ್ಡಿಗೆ ನಾವೇ ಸಂಬಳಕ್ಕೆ ನಿಲ್ಲೋದಾ?" ಅಂದರು. ಅಡಿಕೆ ಕೊಟ್ಟ ವಾರ ಫ್ರಿಜ್ ಬದಲಾಯಿಸುವ, ಬೈಕಿಗೆ ಮುಂಗಡ ಕೊಡುವ ಅಭ್ಯಾಸ ಇದ್ದ ಮನೆ ಇದು. ಭಾದ್ರಪದ ಬರೋ ಹೊತ್ತಿಗೆ ಚೌತಿ ಸಾಮಾನಿಗೆ ಆಸಾಮಿ ಖಾತೆ! ಈಗ ಚೌತಿಗೆ ನಗದು ಕೊಟ್ಟು ತರ್ತೇವೆ.

ಎರಡನೇ ವರ್ಷ ಅಡಿಕೆಗೆ ಕೊಳೆ ರೋಗ ಬಂತು. ಮಳೆ ತಾಗದಂತೆ ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿದ ಮರ ಉಳಿದವು, ಮದ್ದು ತಡವಾದ ಕಡೆ ಎಳೆಕಾಯಿ ಚಾಪೆ ಹಾಸಿದ ಹಾಗೆ ಉದುರಿತ್ತು. ಬೆಳೆ ಅರ್ಧ, ಕೂಲಿ ಪೂರ್ತಿ. ಅಂದಿನಿಂದ ಒಂದು ಪೂರ್ತಿ ವರ್ಷದ ತೋಟದ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿದ್ದೇನೆ. ಆರು ತಿಂಗಳ ಸಂಬಳ ಬೇರೆ ಇಟ್ಟರೆ ಸಾಕು ಅನ್ನುವ ಪೇಟೆಯವರ ಲೆಕ್ಕ ತೋಟದವರಿಗೆ ಸಾಲದು, ನಮಗೆ ಒಂದು ಬೆಳೆ ಹೋದರೆ ವರ್ಷವೇ ಹೋಯ್ತು.

ಹವಾಮಾನ ಆಧಾರಿತ ಬೆಳೆ ವಿಮೆಯನ್ನೂ ಮರೆಯಬೇಡಿ. ಅಡಿಕೆಗೆ ಹೆಕ್ಟೇರಿಗೆ 1,28,000 ವಿಮಾ ಮೊತ್ತ, ರೈತರ ಪಾಲು ಶೇಕಡಾ 5, ಅಂದರೆ 6,400. ಎಕರೆಗೆ 2,600 ಹತ್ತಿರ. ಆದರೆ ಅದು ನಿಮ್ಮ ಮರ ನೋಡಿ ಕೊಡೋದಿಲ್ಲ, ಪಂಚಾಯತಿ ಮಟ್ಟದ ಮಳೆ ಮಾಪನ ನೋಡಿ ಕೊಡೋದು. ನಿಮ್ಮಲ್ಲಿ ಕೊಳೆ ಬಂದೂ ದುಡ್ಡು ಬರದೇ ಇರಬಹುದು, ಏನೂ ಆಗದೆ ಬರಲೂಬಹುದು. ಅದನ್ನು ನಂಬಿ ಸಾಲ ಮಾಡಬೇಡಿ.

ಹುಲೇಕಲ್ ರಸ್ತೆ

ಅಕ್ಕಾ, ಇದನ್ನು ಹೆಂಡತಿಗೆ ಓದಿ ಹೇಳಿದೆ. "ಇಷ್ಟು ದಿನ ನಾ ಹೇಳಿದ್ದು ಎಂತದು?" ಅಂದಳು.

ಎಸ್‌ಐಪಿ ಶೂರ

ಯಲ್ಲಾಪುರದವ, ಈಗ ಬೆಂಗಳೂರು. ಎಲ್ಲರೂ ಠೇವಣಿ, ಅಂಚೆ ಕಚೇರಿ ಅಂತಿದ್ದೀರಿ. 34 ವರ್ಷದವನಿಗೆ ಯಾಕೆ ಇದೆಲ್ಲ? ಶೇಕಡಾ 7 ಬಡ್ಡಿ ತೆಗೆದುಕೊಂಡು ತೆರಿಗೆ ಕಟ್ಟಿದರೆ ಬೆಲೆಯೇರಿಕೆಗೆ ಅಲ್ಲಿಂದಲ್ಲಿಗೆ. 23 ಲಕ್ಷವನ್ನೂ ಶೇರುಪೇಟೆ ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡಿಗೆ ಹಾಕಿ ಹದಿನೈದು ವರ್ಷ ಮರೆತುಬಿಡಿ. ಅಡಿಕೆಯನ್ನು ಅಟ್ಟದ ಮೇಲೆ ಇಟ್ಟು ದರ ಕಾಯೋದು ದಂಡ. ತೂಕ ಇಳಿಯುತ್ತದೆ, ಹುಳ ಬೀಳ್ತದೆ.

ನಿವೃತ್ತ ಕ್ಯಾಶಿಯರ್

23 ಲಕ್ಷ ಅವನದಲ್ಲ ಮಾರಾಯಾ, ಮೂರು ಜನರದ್ದು. ಅದರಲ್ಲಿ 9 ಇನ್ನೂ ಕೈಗೇ ಬಂದಿಲ್ಲ. ಆಯಿಯ ದುಡ್ಡು ಹದಿನೈದು ವರ್ಷ ಮರೆತರೆ ಆಯಿ ಏನು ಮಾಡಬೇಕು?

2020ರ ಮಾರ್ಚಿನ ಹೊತ್ತಿಗೆ ಶೇರುಪೇಟೆಯ ನಿಫ್ಟಿ ಸೂಚ್ಯಂಕ ಎರಡೇ ತಿಂಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇಳಿದಿತ್ತು. ಮತ್ತೆ ಏರಿತು, ಸರಿ. ಇಳಿದ ದಿನವೇ ಮನೆಯಲ್ಲಿ ಒಬ್ಬರು ಆಸ್ಪತ್ರೆಗೆ ಸೇರಿದ್ದರೆ? ಇವನ ಮನೆಯಲ್ಲಿ ಈಗಾಗಲೇ ಒಂದು ದೊಡ್ಡ ಶೇರು ಇದೆ, ಅದರ ಹೆಸರು ಅಡಿಕೆ. 2014ರಲ್ಲಿ ಕೆಂಪಡಿಕೆ ದರ ಹೇಗೆ ಏರಿ ಆಮೇಲೆ ಹೇಗೆ ಇಳಿಯಿತು ಅಂತ ಅಪ್ಪನನ್ನು ಕೇಳು.

ಎಸ್‌ಐಪಿ ಶೂರ

ಸರಿ, ಪೂರ್ತಿ ಬೇಡ. ಅವನ ಸಂಬಳದಿಂದ ತಿಂಗಳಿಗೆ 10 ಸಾವಿರ? ಅಷ್ಟಕ್ಕೂ ಅಡ್ಡಿಯಾ?

ನಿವೃತ್ತ ಕ್ಯಾಶಿಯರ್

ಅಷ್ಟಕ್ಕೆ ಅಡ್ಡಿಲ್ಲೆ. ಅದು ಅವನ ದುಡ್ಡು, ಅವನ ವಯಸ್ಸು. ಬೇಕಾದರೆ ಹದಿನೈದು ಹಾಕಲಿ.

ಬೆಟ್ಟದ ಬದಿ

ಒಂದು ಸಣ್ಣ ಗುಟ್ಟು. ಶೂನ್ಯ ಬಡ್ಡಿಯ ಬೆಳೆಸಾಲ ಈಗ 5 ಲಕ್ಷದವರೆಗೆ ಸಿಗ್ತದೆ. ತಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ವರ್ಷಕ್ಕೆ 30-35 ಸಾವಿರ ಕೂತಲ್ಲೇ ಬಂತು. ನಮ್ಮೂರಲ್ಲಿ ಅರ್ಧ ಜನ ಇದನ್ನೇ ಮಾಡೋದು.

ಸೋದೆ ಸೊಸೆ

ಗುಟ್ಟೇನು ಬಂತು, ಎಲ್ಲರಿಗೂ ಗೊತ್ತು. ಉಳಿದ ಅರ್ಧ ಜನ ಆ ದುಡ್ಡಲ್ಲಿ ಮಗಳ ಮದುವೆ ಮಾಡಿ, ವಾಯ್ದೆ ದಿನ ಕೈಸಾಲ ತಂದು ಕಟ್ಟಿ, ಮರುದಿನ ಮತ್ತೆ ತೆಗೆದು ಕೈಸಾಲ ತೀರಿಸ್ತಾರೆ. ಅದಕ್ಕೆ ನಮ್ಮಲ್ಲಿ ಹೆಸರೇ ಇದೆ, 'ತಿರುವಿ ಹಾಕೋದು'. ಒಂದು ವರ್ಷ ಕೈಸಾಲ ಸಿಗದಿದ್ದರೆ ಕಥೆ ಮುಗೀತು. ಬೆಳೆಸಾಲ ಬೆಳೆಗೆ.

ದೋಣಿ ಲೆಕ್ಕ, ಕಾರವಾರ

ಘಟ್ಟದ ಮೇಲಿನವರು ವರ್ಷಕ್ಕೊಮ್ಮೆ ಬರುವ ದುಡ್ಡಿನ ಬಗ್ಗೆ ಹೇಳ್ತಿದ್ದೀರಿ. ನಮ್ಮಲ್ಲಿ ದಿನಾ ಬರ್ತದೆ, ಹತ್ತು ತಿಂಗಳು. ಆಮೇಲೆ ಒಂದೇ ಸಲ ನಿಲ್ತದೆ.

ಬೈತಖೋಲ ಬಂದರಿನಲ್ಲಿ ಎರಡು ಟ್ರಾಲ್ ಬೋಟಿನ ಲೆಕ್ಕ ಬರೆಯುವ ಕೆಲಸ ನನ್ನದು. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಹೊರಗಿನವರು ಆ ಎರಡು ತಿಂಗಳು ಆದಾಯ ಇಲ್ಲ ಅಷ್ಟೇ ಅಂದುಕೊಳ್ತಾರೆ. ಮಾಲೀಕನಿಗೆ ದೊಡ್ಡ ಖರ್ಚು ಬರೋದೇ ಆವಾಗ. ಬೋಟು ಮೇಲೆಳೆಯಬೇಕು, ಇಂಜಿನ್ ಬಿಚ್ಚಬೇಕು, ಬಲೆ ಹೆಣೆಸಬೇಕು, ಬಣ್ಣ ಬಳಿಯಬೇಕು, ಆಗಸ್ಟಿಗೆ ಕೆಲಸಗಾರರು ಬೇಕೆಂದರೆ ಮುಂಗಡ ಕಳಿಸಬೇಕು. ಹಳೆ ಮಾಲೀಕರು ಇದಕ್ಕೆಲ್ಲ ಮೀನಿನ ವ್ಯಾಪಾರಿಯಿಂದಲೇ ಸಾಲ ತರುತ್ತಿದ್ದರು. ಸಾಲ ಕೊಟ್ಟವನಿಗೇ ಮೀನು ಹಾಕಬೇಕು, ದರ ಅವನು ಹೇಳಿದ್ದು. ಬಡ್ಡಿ ಎಷ್ಟು ಅಂತ ಕೇಳಿದರೆ "ಬಡ್ಡಿಯೇ ಇಲ್ಲ" ಅಂತಿದ್ದರು ಪಾಪ. ಬುಟ್ಟಿ ಬುಟ್ಟಿಗೆ ಕೊಡುತ್ತಿದ್ದದ್ದು ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ಈಗಿನ ಮಾಲೀಕರು ಹರಾಜಾದ ದಿನವೇ ನೂರಕ್ಕೆ ಎಂಟು ರೂಪಾಯಿ ಪಿಗ್ಮಿಗೆ, ಅಂದರೆ ದಿನದಿನದ ಸಣ್ಣ ಠೇವಣಿಗೆ, ಹಾಕ್ತಾರೆ. ಬಂಗಡೆ ಬಿದ್ದ ದಿನ ಸಾವಿರಗಟ್ಟಲೆ, ಖಾಲಿ ಬಲೆ ಬಂದ ದಿನ ಸೊನ್ನೆ. ಪಿಗ್ಮಿ ಅಂದರೆ ನಗಬೇಡಿ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು ನಮ್ಮಂಥವರಿಗೇ. ಬಡ್ಡಿ ಕಡಿಮೆ, ಹೌದು. ಆದರೆ ದುಡ್ಡು ಬಂದರಿನ ಗೇಟು ದಾಟುವ ಮೊದಲೇ ಕೈಯಿಂದ ಹೋಗಿರ್ತದೆ.

ಇನ್ನೊಂದು ಮಾತು, ಕೆಲಸಕ್ಕೆ ಜನ ಇಟ್ಟುಕೊಂಡವರೆಲ್ಲ ಓದಿ. ಪ್ರಧಾನಮಂತ್ರಿ ಸುರಕ್ಷಾ ವಿಮೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಜೀವನ ಜ್ಯೋತಿ 436 ರೂಪಾಯಿ, ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ. ಎರಡರ ವರ್ಷವೂ ಜೂನ್ 1ಕ್ಕೆ ಶುರು, ಕಂತು ಮೇ ಕೊನೆಯ ವಾರದಲ್ಲಿ ಖಾತೆಯಿಂದ ಕಡಿತ. ನಮ್ಮ ಕೆಲಸಗಾರರು ಮೇ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಂಡು, ಖಾತೆ ಬಳಿದು ಊರಿಗೆ ಹೋಗೋದೂ ಅದೇ ವಾರ. ನಮ್ಮ ಒಬ್ಬ ಹುಡುಗನ ಖಾತೆಯಲ್ಲಿ ಆ ವರ್ಷ 11 ರೂಪಾಯಿ ಉಳಿದಿತ್ತು. ವಿಮೆ ನಿಂತದ್ದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಬಲೆ ಎಳೆಯುವಾಗ ಹಗ್ಗ ತುಂಡಾಗಿ ಮುಖಕ್ಕೆ ಬಡಿಯಿತು. ಒಂದು ಕಣ್ಣು ಹೋಯ್ತು. ಆ 20 ರೂಪಾಯಿ ಇದ್ದಿದ್ದರೆ 1 ಲಕ್ಷ ಬರುತ್ತಿತ್ತು. ಮಾಲೀಕರು ಕೈಯಿಂದ ಕೊಟ್ಟರು, ಆದರೆ ಅದರಷ್ಟು ಕೊಡಲಾಗಲಿಲ್ಲ. ಈಗ ಮೇ 20ಕ್ಕೆ ನಾನೇ ಪುಸ್ತಕ ಹಿಡಿದು ಒಬ್ಬೊಬ್ಬರ ಖಾತೆಯಲ್ಲಿ 500 ಉಳಿದಿದೆಯಾ ನೋಡ್ತೇನೆ. ಬೈಸಿಕೊಳ್ತೇನೆ ಕೂಡ.

ಹುಲೇಕಲ್ ರಸ್ತೆ

ನಮ್ಮ ಕೊನೆಗೌಡನಿಗೆ ಈ ವಿಮೆ ಇದೆಯಾ ಅಂತ ನಾನು ಯಾವತ್ತೂ ಕೇಳಿಲ್ಲ. ಅರವತ್ತು ಅಡಿ ಮರ ಹತ್ತುವವ. ನಾಳೆ ಕೇಳ್ತೇನೆ.

ಕುಮಟಾ ನರ್ಸಮ್ಮ

ಆಸ್ಪತ್ರೆ ವಿಚಾರ ಯಾರೂ ಎತ್ತಲಿಲ್ಲ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗಾಡಿದ್ದೇವೆ, ನಿಮಗೇ ಗೊತ್ತು. ತಲೆಗೆ ಪೆಟ್ಟು, ಹೃದಯದ ತೊಂದರೆ ಅಂದರೆ ಕಾರವಾರದವರು ಗೋವಾಕ್ಕೆ, ನಾವು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ. ಹಾಗಾಗಿ ನಮ್ಮ ಜಿಲ್ಲೆಯವರ ಆಸ್ಪತ್ರೆ ಖರ್ಚು ಅಂದರೆ ಆಂಬುಲೆನ್ಸು, ಜೊತೆಗೆ ಹೋದವರ ಲಾಡ್ಜು, ಊಟ, ಮನೆಯಲ್ಲಿ ದನ ನೋಡಿಕೊಳ್ಳಲು ಬಂದವರ ಕೂಲಿ, ಎಲ್ಲ ಸೇರಿ. ಅದನ್ನು ಯಾವ ವಿಮೆಯೂ ಪೂರ್ತಿ ಕೊಡೋದಿಲ್ಲ. ತಕ್ಷಣಕ್ಕೆ ತೆಗೆಯಬಹುದಾದ 50 ಸಾವಿರ, ಮನೆಯಲ್ಲಿ ಇಬ್ಬರಿಗೆ ಗೊತ್ತಿರುವ ಖಾತೆಯಲ್ಲಿ ಇರಲೇಬೇಕು.

ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿ. ಗ್ರಾಮೀಣರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ. ನೋಂದಣಿಗೆ ನಿಗದಿತ ಅವಧಿ ಇರ್ತದೆ, ಅದು ದಾಟಿದರೆ ಮುಂದಿನ ವರ್ಷವೇ. ನಿಗದಿ ಮಾಡಿದ ಆಸ್ಪತ್ರೆ, ನಿಗದಿ ಮಾಡಿದ ಚಿಕಿತ್ಸೆಗೆ ಮಾತ್ರ ಅನ್ನೋದು ನೆನಪಿರಲಿ.

ತಮ್ಮಾ, ನಿನ್ನ ಕಂಪನಿಯ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನ ಹೋಗ್ತದೆ. ಸ್ವಂತದ್ದೊಂದು ಮಾಡಿಸಿಕೋ. ಆಯಿಗೂ ಮಾಡಿಸಬಹುದು, ವಯಸ್ಸಾಯ್ತು ಅಂತ ಕಂಪನಿಗಳು ಈಗ ಬಾಗಿಲು ಹಾಕುವ ಹಾಗಿಲ್ಲ. ಬಿಪಿ, ಸಕ್ಕರೆ ಇದ್ದರೆ ಮುಚ್ಚಿಡದೆ ಬರೆಸು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸ್ತಾರೆ. ಮುಚ್ಚಿಟ್ಟರೆ ಬಿಲ್ಲು ಕೊಡುವಾಗ ಸಿಕ್ಕಿಬೀಳ್ತೇವೆ. 2025ರ ಸೆಪ್ಟೆಂಬರ್ 22ರಿಂದ ಇಂಥ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಕೂಡ ಇಲ್ಲ.

ಎಸ್‌ಐಪಿ ಶೂರ

ಭಾವನ ಪಾಲಿಸಿ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೇನೆ. ವರ್ಷಕ್ಕೆ 1 ಲಕ್ಷ ಕಟ್ಟಿ, ನೀನು ನಾಳೆ ಹೋದರೆ ಮನೆಗೆ ಬರೋದು 10 ಲಕ್ಷದ ಆಸುಪಾಸು. ಅದೇ ವಯಸ್ಸಿಗೆ ಬೀಡಿ ಸಿಗರೇಟು ಇಲ್ಲದವನಿಗೆ 1 ಕೋಟಿಯ ಟರ್ಮ್ ಪಾಲಿಸಿ ಸುಮಾರು 12-15 ಸಾವಿರಕ್ಕೆ ಸಿಗ್ತದೆ. ನೀನು ಉಳಿದರೆ ಏನೂ ಬರೋದಿಲ್ಲ, ಅದಕ್ಕೇ ಅಗ್ಗ. ಉಳಿದ 85 ಸಾವಿರ ನಿನ್ನ ಕೈಯಲ್ಲೇ ಇರ್ತದೆ. ಅದರಲ್ಲಿ ಮಗಳಿಗೆ ಸುಕನ್ಯಾ ಸಮೃದ್ಧಿ ಮಾಡು. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ, ಈಗ ಶೇಕಡಾ 8.2, ಹದಿನೈದು ವರ್ಷ ಕಟ್ಟೋದು, ಖಾತೆ ತೆರೆದು 21 ವರ್ಷಕ್ಕೆ ಮುಗಿಯೋದು. ಓದಿಗೆ ಅಂತ ಮಗಳಿಗೆ 18 ಆದಮೇಲೆ ಅರ್ಧದವರೆಗೆ ತೆಗೆಯಬಹುದು.

ಕ್ಯಾಶಿಯರ್ ಮಾವ, ನೋಡಿ, ನಾನೂ ಅಂಚೆ ಕಚೇರಿ ಹೆಸರು ಹೇಳಿದೆ.

ಹುಲೇಕಲ್ ರಸ್ತೆ

ಅದೆಲ್ಲ ಸರಿ ಮಾರಾಯಾ, ಭಾವನಿಗೆ ಇಲ್ಲ ಅನ್ನೋದು ಹೇಗೆ? ಶ್ರಾದ್ಧಕ್ಕೆ ಮೊದಲ ಪಂಕ್ತಿಯಲ್ಲಿ ಕೂರುವವ.

ಸೋದೆ ಸೊಸೆ

ಟರ್ಮ್ ಪಾಲಿಸಿಯನ್ನು ಅವರ ಹತ್ತಿರವೇ ಮಾಡಿಸಿ. ಕಮಿಷನ್ ಕಡಿಮೆ ಬರ್ತದೆ, ಮುಖ ಸ್ವಲ್ಪ ಗಂಟಾಗ್ತದೆ. ಮುಂದಿನ ಶ್ರಾದ್ಧದ ಹೊತ್ತಿಗೆ ಸರಿಹೋಗ್ತದೆ.

ತೆರಿಗೆ ಆಫೀಸಿನ ಪಕ್ಕದ ಟೇಬಲ್

ಚಿಕ್ಕದಾಗಿ: ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ, ಠೇವಣಿ ಬಡ್ಡಿಗೆ ಇದೆ. ಬಡ್ಡಿಯೂ ತೋಟದ ದುಡ್ಡಿನದೇ ಅಲ್ಲವಾ ಅಂತ ವರ್ಷಕ್ಕೆ ಹತ್ತು ಜನ ಜಗಳಕ್ಕೆ ಬರ್ತಾರೆ. ತೋಟದ ನಿವ್ವಳ ಆದಾಯ 5,000 ದಾಟಿದರೆ ಉಳಿದ ಆದಾಯದ ತೆರಿಗೆ ದರ ಲೆಕ್ಕ ಹಾಕಲು ಅದನ್ನು ಸೇರಿಸ್ತಾರೆ, ಹಾಗಾಗಿ ರಿಟರ್ನಿನಲ್ಲಿ ತೋರಿಸಿ. ಅಡಿಕೆ ಮಾರಿದ ಪಟ್ಟಿಗಳನ್ನು ಎಸೆಯಬೇಡಿ. ಸೋದೆ ಅಕ್ಕ ಹೇಳಿದ ಹಾಗೆ ಖಾತೆ ಬೇರೆ ಮಾಡಿದವರ ಕೆಲಸ ನಮ್ಮ ಟೇಬಲ್ಲಿನಲ್ಲಿ ಅರ್ಧ ಗಂಟೆಗೆ ಮುಗೀತದೆ.

ಹಳೇ ತಲೆ

ಎಲ್ಲ ಸರಿ. ಆದರೆ ಕ್ಯಾಶಿಯರ್ ತಂಗಿಗೂ ಪಾಲು ಅಂದದ್ದು ಸಮ ಕಾಣ್ತಿಲ್ಲೆ. ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದಾರೆ. ಎರಡು ಎಕರೆಯಲ್ಲಿ ಮೂರು ಪಾಲು ಮಾಡಿದರೆ ತೋಟ ಉಳಿಯುತ್ತದಾ? ಪ್ರೀತಿಯಿಂದ ಹೇಳಿ ಹಕ್ಕು ಬಿಡುಗಡೆ ಬರೆಸಿಕೊಳ್ಳೋದು ಒಳ್ಳೆಯದು.

ಬನವಾಸಿ ಮಗಳು

ಪ್ರೀತಿಯಿಂದ ಹೇಗೆ ಬರೆಸಿಕೊಳ್ತಾರೆ ಅಂತ ಹೇಳ್ತೇನೆ ಕೇಳಿ.

ಅದು ಜಾತ್ರೆ ವರ್ಷ. ಮಾರಿಕಾಂಬೆ ಜಾತ್ರೆಗೆ ಬಾ ಅಂತ ಅಣ್ಣ ಕರೆದ. ಮಕ್ಕಳನ್ನು ಕಟ್ಟಿಕೊಂಡು ಹೋದೆ, ಗದ್ದುಗೆಗೆ ಉಡಿ ತುಂಬಿದೆ, ಬಳೆ ಹಾಕಿಸಿಕೊಂಡೆ. ವಾಪಸು ಬರುವಾಗ "ಒಂದು ಸಣ್ಣ ಸಹಿ ಇದೆ" ಅಂತ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ಹೆಬ್ಬೆರಳು ಒತ್ತುವಾಗ ಹೊಸ ಬಳೆ ಯಂತ್ರಕ್ಕೆ ತಾಗಿ ಸದ್ದಾಗ್ತಿತ್ತು, ಅಲ್ಲಿಯವರು ಕೈ ಸ್ವಲ್ಪ ಮೇಲೆ ಹಿಡಿಯಿರಿ ಅಂದರು. ಏನು ಬರೆದಿದೆ ಅಂತ ಓದಲಿಲ್ಲ. ಅಣ್ಣ ಅಲ್ವಾ.

ಕೇಳಿದ್ದರೆ ನಾನು ಬಿಟ್ಟೇ ಕೊಡುತ್ತಿದ್ದೆ. ತೋಟ ದುಡಿಯುವವನು ಅವನು, ನನಗದು ಗೊತ್ತಿಲ್ಲವಾ? ಈಗ ತವರಿಗೆ ಹೋದರೆ ಊಟದ ಹೊತ್ತಿಗೆ ಅವನೇ ಎದ್ದು ಹೊರಗೆ ಹೋಗ್ತಾನೆ.

2005ರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಹುಲೇಕಲ್ ತಮ್ಮ, ಕಾನೂನಿಗೆ ಹೆದರಿ ಮಾಡಬೇಡ, ಸುಮ್ಮನೆ ಫೋನ್ ಮಾಡು.

ನಿವೃತ್ತ ಕ್ಯಾಶಿಯರ್

ಇದರ ಮೇಲೆ ನನಗೆ ಬರೆಯಲು ಏನೂ ಇಲ್ಲ. ಒಂದು ಮಾತ್ರ. ತಮಾ, ನೀನೂ ಒಂದು ಮರಣಪತ್ರ ಬರೆದಿಡು. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಬೇಕು, ಪಾಲು ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. 34ಕ್ಕೆ ಯಾಕೆ ಅಂತ ಹೆಂಡತಿ ಗದರಬಹುದು. ಗದರಲಿ.

ಹುಲೇಕಲ್ ರಸ್ತೆ

ಆರು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ.

ತಂಗಿಗೆ ರಶೀದಿ ಫೋಟೋ ಕಳಿಸಿದ ರಾತ್ರಿಯೇ ಫೋನ್ ಮಾಡಿದಳು. ದುಡ್ಡಿನ ವಿಷಯ ಎತ್ತಲೇ ಇಲ್ಲ. ಪಂಚಾಂಗದ ಪುಟದ ಮೇಲೆ ಅಪ್ಪಯ್ಯನ ಅಕ್ಷರದಲ್ಲಿ ಏನೋ ಬರೆದದ್ದು ಫೋಟೋದಲ್ಲಿ ಕಾಣ್ತದೆ, ಅದನ್ನು ದೊಡ್ಡದು ಮಾಡಿ ಕಳಿಸು ಅಂದಳು. ನೋಡಿದರೆ "ಮಾಣಿಗೆ ತಿಳಿಸುವುದು" ಅಂತ. ಮಾಣಿ ಅಂದರೆ ಮಗ, ನಾನು. ಹನ್ನೊಂದರಲ್ಲಿ ಏಳು ಪುಟದಲ್ಲಿ ಹಾಗೇ ಬರೆದಿದ್ದರು. ತಿಳಿಸಲಿಲ್ಲ. ನಾನೂ ಕೇಳಲಿಲ್ಲ.

ಬೆಳೆಸಾಲ ವಾಯ್ದೆಯೊಳಗೆ ಕಟ್ಟಿದೆ. ಪೌತಿ ಖಾತೆಯ ಅರ್ಜಿಯಲ್ಲಿ ಆಯಿ, ನಾನು, ತಂಗಿ ಮೂವರ ಹೆಸರೂ ಇದೆ. ತೋಟದ ಪಾಲಿನ ಮಾತು ವರ್ಷಾಂತಕಕ್ಕೆ ಅವಳು ಬಂದಾಗ ಕೂತು ಆಡೋದು ಅಂತ ಆಗಿದೆ. ಸೌಹಾರ್ದದವರು ಬರೆದು ಕೊಟ್ಟಮೇಲೆ 1 ಲಕ್ಷ ಕೊಟ್ಟರು, ಇನ್ನು 8. ನಿಬಂಧಕರ ಕಚೇರಿಗೆ ದೂರು ಟೈಪ್ ಮಾಡಿಟ್ಟಿದ್ದೇನೆ, ಸಹಿ ಹಾಕಿಲ್ಲ. ನಿರ್ದೇಶಕರೊಬ್ಬರು ಅಪ್ಪಯ್ಯನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದು ಸೌದೆ ಒಡೆದುಕೊಟ್ಟವರು. ಈ ತಿಂಗಳು ಕಂತು ಬರದಿದ್ದರೆ ಹಾಕ್ತೇನೆ.

ಕೊನೆಗೌಡನಿಗೆ ವಿಮೆ ಇರಲಿಲ್ಲ. ಮಾಡಿಸಿದೆ.

ಬ್ಯಾಂಕು ಮತ್ತು ಅಂಚೆಯಿಂದ ಬಂದದ್ದರಲ್ಲಿ 10 ಲಕ್ಷ, ತಂಗಿಯ ಒಪ್ಪಿಗೆ ಪಡೆದೇ, ಆಯಿಯ ಹೆಸರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಶೇಕಡಾ 8.2ಕ್ಕೆ ಮೂರು ತಿಂಗಳಿಗೊಮ್ಮೆ 20,500 ಅವಳ ಖಾತೆಗೆ ಬರ್ತದೆ. ಅಂಚೆ ಕಚೇರಿಯಲ್ಲಿ ಸಹಿ ಹಾಕುವಾಗ ಅವಳ ಕೈ ನಡುಗ್ತಿತ್ತು, ಮೂರು ಫಾರಂ ಹಾಳಾದವು. ಹೊರಗೆ ಬಂದು ಕೇಳಿದಳು, "ಇದರಲ್ಲಿ ನಾ ಯಾರಿಗಾದರೂ ಕೊಡದಾದ್ರೆ ನಿನ್ನ ಕೇಳವನಾ?" ಬೇಡ ಅಂದೆ. "ಹಾಂಗಾದ್ರೆ ಅಡ್ಡಿಲ್ಲೆ" ಅಂದಳು.

ಈಗ ಒಂದೇ ಪ್ರಶ್ನೆ ಉಳಿದಿದೆ. ಅಟ್ಟದ ಮೇಲಿನ ಮೂರು ಚೀಲ ಕಾಳುಮೆಣಸು ಕೊಡೋದಾ, ಇಡೋದಾ? ಆಯಿ ಮುಟ್ಟಲೇ ಬಿಡ್ತಿಲ್ಲ.

ಎಸ್‌ಐಪಿ ಶೂರ

ಎರಡು ಕೊಡಿ, ಒಂದು ಇಡಿ.

ನಿವೃತ್ತ ಕ್ಯಾಶಿಯರ್

ಕೊಡುವ ಮೊದಲು ಬಿಸಿಲಿಗೆ ಹಾಕಿ ನೋಡು, ಎರಡು ಮಳೆಗಾಲ ಕಂಡ ಮೆಣಸು. ಆಮೇಲೆ ಆಯಿಯನ್ನೇ ಕೇಳು.